ಮೂವತ್ತೈದರ ಲೆಕ್ಕ

ನಾನು ಒಳ್ಳೆಯ ಲೆಕ್ಕದ ಟೀಚರಾಗಿದ್ದೆ ಎಂದು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗೆ ಹೊಗಳುವವರೆಲ್ಲ ಕಿಟಕಿ ಸಾಲಿನವರು. ಬಾಗಿಲ ಸಾಲಿನವರು ಎಲ್ಲಾದರೂ ಎದುರಾದರೆ ಒಂದು ನಮಸ್ಕಾರ ಹೊಡೆದು ಮುಂದೆ ಹೋಗುತ್ತಾರೆ, ನಿಂತು ಮಾತಾಡುವುದಿಲ್ಲ. ಅವರು ಮಾಡುವುದೇ ಸರಿ. ಈ ಸಾಲುಗಳ ಕಥೆಯನ್ನು ನಾನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಿದಾಗಲೆಲ್ಲ ಹೆಡ್ಮಾಸ್ತರರ ಹತ್ತಿರ ಜಗಳಕ್ಕೆ ನಿಂತ ಭಾಗವನ್ನಷ್ಟೇ ಹೇಳಿ ಶಹಬ್ಬಾಸ್ ಗಿಟ್ಟಿಸಿಕೊಂಡಿದ್ದೇನೆ. ಈ ಸಲ ಮೊದಲಿಂದ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮದುವೆಯಾಗಿ ಧಾರವಾಡದ ಕಡೆಯಿಂದ ಬೆಂಗಳೂರಿಗೆ ಬಂದಿದ್ದೆ. ಗಂಡನಿಗೆ ಯಶವಂತಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮತ್ತಿಕೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಶಾಲೆಯಲ್ಲಿ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡರು. ಐದರಿಂದ ಏಳನೇ ಕ್ಲಾಸಿನವರೆಗೆ ಇದ್ದ ಶಾಲೆ. ಮೂರು ವರ್ಷ ಪ್ರೊಬೇಷನ್, ಆಮೇಲೆ ಕಾಯಂ ಎಂದು ಆರ್ಡರಿನಲ್ಲಿ ಬರೆದಿತ್ತು. ಮೊದಲನೇ ದಿನ ನಾನು ಕ್ಲಾಸಿಗೆ ಹೋಗಿ, "ಖಡು ಎಲ್ಲೈತ್ರಿ?" ಎಂದು ಕೇಳಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಕಡೆ ಸೀಮೆಸುಣ್ಣಕ್ಕೆ ಖಡು ಅನ್ನುತ್ತೇವೆ. ಗೊತ್ತಾದ ಮೇಲೆ ಒಂದು ವಾರ ನಕ್ಕವು. "ನಗ್ರಿ, ನಗ್ರಿ, ನಕ್ಕಷ್ಟೂ ಲೆಕ್ಕ ಜಾಸ್ತಿ ಕೊಡ್ತೀನಿ," ಎಂದೆ. ಕೊಟ್ಟೆ ಕೂಡ. ನನಗೆ ಮೂಗಿನ ತುದಿಯಲ್ಲಿ ಕೋಪ ಎಂದು ಆ ಶಾಲೆಯಲ್ಲಿ ಎಲ್ಲರಿಗೂ ಬೇಗನೆ ತಿಳಿಯಿತು.

ಹೆಡ್ಮಾಸ್ತರರು ಕೆಟ್ಟವರಲ್ಲ. ಬಿಳಿ ಪಂಚೆ, ಕರಿ ಕೋಟು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟಿನ ಹತ್ತಿರ ನಿಲ್ಲುವ ಮನುಷ್ಯ. ಅವರಿಗೆ ಒಂದೇ ಚಿಂತೆ, ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಫಲಿತಾಂಶ. ಅದು ಬಿದ್ದರೆ ಶಾಲೆಯ ಹೆಸರು ಬೀಳುತ್ತದೆ. ಆದ್ದರಿಂದ ಆರನೇ ಕ್ಲಾಸಿನಲ್ಲೇ ಸೋಸಿಬಿಡಬೇಕು. ಅದಕ್ಕೆ ಅವರು ಕಂಡುಕೊಂಡಿದ್ದ ಉಪಾಯ ನಿರೀಕ್ಷೆ ಪಟ್ಟಿ. ಪ್ರತಿ ಜುಲೈ ತಿಂಗಳಲ್ಲಿ ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ ನಮ್ಮ ಕೈಗೆ ಬರುತ್ತಿತ್ತು. ಅದರಲ್ಲಿ ಮೂರು ಕಾಲಂ: ಪ್ರಥಮ, ಪಾಸ್, ಅನುಮಾನ. ಯಾವ ಮಗು ವರ್ಷದ ಕೊನೆಗೆ ಯಾವ ಕಾಲಮ್ಮಿನಲ್ಲಿರುತ್ತದೆ ಎಂದು ಟೀಚರು ಆಗಲೇ ಬರೆದು ಸಹಿ ಹಾಕಬೇಕು. ಏಪ್ರಿಲ್ ತಿಂಗಳಲ್ಲಿ ಅವರು ಆ ಹಾಳೆಯನ್ನು ಬೀರುವಿನಿಂದ ತೆಗೆದು ಅಂಕಪಟ್ಟಿಯ ಪಕ್ಕ ಇಟ್ಟು, ಪೆನ್ಸಿಲ್ಲಿನಿಂದ ಒಂದೊಂದೇ ಹೆಸರಿಗೆ ಟಿಕ್ ಹಾಕುತ್ತಿದ್ದರು. ಹೊಂದಿಕೆಯಾಗದ ಹೆಸರಿಗೆಲ್ಲ ಟೀಚರು ವಿವರಣೆ ಬರೆದುಕೊಡಬೇಕು.

ನಾನು ಹೊಸಬಳು. ಮೊದಲ ವರ್ಷ ನನ್ನ ಪಟ್ಟಿ ಮೂರು ಹೆಸರು ಬಿಟ್ಟರೆ ಪೂರ್ತಿ ಹೊಂದಿಕೆಯಾಯಿತು. ಎರಡನೇ ವರ್ಷ ಒಂದೂ ತಪ್ಪಲಿಲ್ಲ. ಹೆಡ್ಮಾಸ್ತರರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ, "ನೋಡಿ, ಮಕ್ಕಳನ್ನ ಅರ್ಥ ಮಾಡ್ಕೊಳೋದು ಅಂದ್ರೆ ಇದು," ಎಂದರು. ನನಗೆ ಹೆಮ್ಮೆಯಿಂದ ನೆಲ ಕಾಣಲಿಲ್ಲ. ಪಟ್ಟಿ ಯಾಕೆ ತಪ್ಪಲಿಲ್ಲ ಎಂದು ಯೋಚಿಸುವ ಪುರಸೊತ್ತು ಆಗ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಯಾಕೆಂದರೆ ಪಟ್ಟಿ ತಪ್ಪದ ಹಾಗೆ ನಾನೇ ನೋಡಿಕೊಳ್ಳುತ್ತಿದ್ದೆ. ಆರನೇ ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು, ಸಾಲಿಗೆ ಹದಿನಾಲ್ಕರಂತೆ ಮೂರು ಸಾಲು. ಪ್ರಥಮ ಕಾಲಮ್ಮಿನವರು ಕಿಟಕಿ ಸಾಲು, ಪಾಸ್ ಕಾಲಮ್ಮಿನವರು ಮಧ್ಯದ ಸಾಲು, ಅನುಮಾನದವರು ಬಾಗಿಲ ಸಾಲು. ಬೋರ್ಡಿನ ನಡುವೆ ಒಂದು ಗೆರೆ ಎಳೆಯುತ್ತಿದ್ದೆ. ಎಡಗಡೆ ಉಳಿದೆರಡು ಸಾಲಿಗೆ ಪೂರ್ತಿ ಪಾಠ: ಕಾಲ ಮತ್ತು ಕೆಲಸ, ವೇಗ, ಪ್ರಮಾಣ, ತಲೆಕೆಡಿಸಿಕೊಳ್ಳಬೇಕಾದ ಲೆಕ್ಕಗಳು. ಬಲಗಡೆ ಬಾಗಿಲ ಸಾಲಿಗೆ: ಭಿನ್ನರಾಶಿ ಕೂಡುವುದು, ಕಳೆಯುವುದು, ಲಸಾಅ, ಆಯತದ ವಿಸ್ತೀರ್ಣ, ಕೋನ ಎಳೆಯುವುದು. ಪ್ರಶ್ನೆ ಪತ್ರಿಕೆ ತೆಗೆಯುವವಳು ನಾನೇ. ಬಲಗಡೆಯ ಲೆಕ್ಕಗಳನ್ನಷ್ಟೇ ಸರಿಯಾಗಿ ಮಾಡಿದರೆ ನೂರಕ್ಕೆ ಮೂವತ್ತೈದು, ನಲವತ್ತು ಬರುವ ಹಾಗೆ ತೆಗೆಯುತ್ತಿದ್ದೆ. ಅದಕ್ಕೆ ನಾವು ಸ್ಟಾಫ್ ರೂಮಿನಲ್ಲಿ ಮೂವತ್ತೈದರ ಲೆಕ್ಕ ಅನ್ನುತ್ತಿದ್ದೆವು. ಪಾಸಿಗೆ ಮೂವತ್ತೈದು ಸಾಕು, ಅಷ್ಟಕ್ಕೆ ಬೇಕಾದ್ದನ್ನು ಕಲಿಸಿದರೆ ಸಾಕು. ದಯೆಯಿಂದ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಅದರಲ್ಲೂ ಒಂದಿಷ್ಟು ಮಕ್ಕಳು ಪ್ರತಿ ವರ್ಷ ಡುಮ್ಕಿ ಹೊಡೆದು ಆರನೇ ಕ್ಲಾಸಿನಲ್ಲೇ ಉಳಿಯುತ್ತಿದ್ದರು.

ಮೂರನೇ ವರ್ಷ ಬಾಗಿಲ ಸಾಲಿನ ಮೊದಲನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಮತ್ತಿಕೆರೆಯ ಹಳೇ ಊರಿನವಳು. ಅವಳ ತಾಯಿ ಸೊಪ್ಪು ಬೆಳೆದು ಯಶವಂತಪುರದ ಮಾರ್ಕೆಟ್ಟಿಗೆ ಹಾಕುತ್ತಿದ್ದಳು. ಬೆಳಿಗ್ಗೆ ತಾಯಿಯ ಜೊತೆ ಹೋಗಿ ಕುಕ್ಕೆ ಇಳಿಸಿ, ಅಲ್ಲಿಂದ ಓಡಿಬಂದು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಲಂಗದ ಅಂಚು ದಿನವೂ ಒದ್ದೆ. ಬಾಗಿಲಲ್ಲಿ ನಿಂತು, "ಮಿಸ್, ಒಳಗ್ ಬರ್ಲಾ?" ಅನ್ನುವಳು. ನಾನು ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಯಾಕ ಲೇಟು?" ಶಾಲೆ ಶುರುವಾಗಿ ಐದನೇ ವಾರಕ್ಕೆ ನಿರೀಕ್ಷೆ ಪಟ್ಟಿ ಬಂತು. ಒದ್ದೆ ಲಂಗ, ದಿನಾ ಲೇಟು, ಮಾತು ಕಡಿಮೆ. ಅನುಮಾನದ ಕಾಲಮ್ಮಿನಲ್ಲಿ ಅವಳ ಹೆಸರು ಬರೆಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಮಾರ್ಚಿನ ಪರೀಕ್ಷೆ ಮುಗಿಯಿತು. ಪೇಪರ್ ಕಟ್ಟು ಮನೆಗೆ ತಂದು ಮೂರು ಮಧ್ಯಾಹ್ನ ಕೂತು ತಿದ್ದಿದೆ. ಬಾಗಿಲ ಸಾಲಿನವರ ಪೇಪರುಗಳನ್ನು ಯಾವಾಗಲೂ ಕೊನೆಗೆ, ಬೇಗ ಬೇಗ ಮುಗಿಸುತ್ತಿದ್ದೆ. ಅವಳ ಪೇಪರಿನಲ್ಲಿ ಅಂಕ ಕೂಡಿದರೆ ಅರವತ್ತೊಂದು ಬಂತು. ಎಲ್ಲೋ ತಪ್ಪಾಗಿದೆ ಎಂದು ಮತ್ತೆ ಕೂಡಿದೆ, ಅರವತ್ತೊಂದೇ. ಬಲಗಡೆಯ ಲೆಕ್ಕಗಳೆಲ್ಲ ಸರಿ. ಅವಳು ಮುಟ್ಟಲೇಬಾರದಾಗಿದ್ದ ಎಡಗಡೆಯ ಲೆಕ್ಕಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸರಿ. ನನಗೆ ಸಂತೋಷವಾಯಿತು ಎಂದು ಬರೆಯಲು ಆಸೆ, ಆದರೆ ಆಗಲಿಲ್ಲ. ಮೊದಲು ಬಂದದ್ದು ಕಿರಿಕಿರಿ. ವಿವರಣೆ ಬರೆಯಬೇಕಲ್ಲ ಎಂಬ ಕಿರಿಕಿರಿ.

ಹೆಡ್ಮಾಸ್ತರರು ಕರೆಸಿದರು. ಮೇಜಿನ ಮೇಲೆ ಜುಲೈಯ ಹಾಳೆ, ಅಂಕಪಟ್ಟಿ, ಪರೀಕ್ಷೆಯಲ್ಲಿ ಯಾರು ಎಲ್ಲಿ ಕೂತಿದ್ದರೆಂಬ ನಕ್ಷೆ, ಮೂರನ್ನೂ ಹರಡಿದ್ದರು.

"ಕೂತ್ಕೊಳಿ. ಈ ಹುಡುಗಿ ಅನುಮಾನದಲ್ಲಿದ್ದೋಳು ಅರವತ್ತೊಂದಕ್ಕೆ ಹೆಂಗ್ ಬಂದ್ಲು?"

"ಓದಿರಬೇಕ್ರಿ ಸರ್."

"ಅನುಮಾನದೋರು ಮೂವತ್ತೈದು ತಗೊಂಡ್ರೆ ನಾನೇನೂ ಕೇಳ್ತಿರ್ಲಿಲ್ಲ. ಅರವತ್ತೊಂದು! ಪಕ್ಕದಲ್ಲಿ ಯಾರು ಕೂತಿದ್ರು ನೋಡಿ." ಬೆರಳಿಟ್ಟು ತೋರಿಸಿದರು. ಪರೀಕ್ಷೆಗೆ ರಿಜಿಸ್ಟರ್ ನಂಬರಿನ ಪ್ರಕಾರ ಕೂಡಿಸುತ್ತಿದ್ದರಿಂದ ಅವಳ ಪಕ್ಕಕ್ಕೆ ಬಂದವನು ಕಿಟಕಿ ಸಾಲಿನ ಹುಡುಗ, ಶಾಲೆಯ ಕಮಿಟಿ ಅಧ್ಯಕ್ಷರ ಮೊಮ್ಮಗ. ಅವನಿಗೆ ನಾನು ತೊಂಬತ್ತೆರಡು ಕೊಟ್ಟಿದ್ದೆ.

"ಅವಳು ಕಾಪಿ ಹೊಡೆಯೋ ಹುಡುಗಿ ಅಲ್ರಿ ಸರ್," ಎಂದೆ. ಅದನ್ನು ಯಾವ ಆಧಾರದ ಮೇಲೆ ಹೇಳಿದೆನೋ ನನಗೇ ಗೊತ್ತಿಲ್ಲ. ಆ ಹುಡುಗಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಅವರು ಕನ್ನಡಕ ತೆಗೆದರು. "ನಾನೊಂದು ಕೇಳ್ತೀನಿ. ಈ ಎಡಗಡೆ ಲೆಕ್ಕ ಏನಿದೆ, ಕಾಲ ಮತ್ತು ಕೆಲಸ, ವೇಗ, ಇದನ್ನೆಲ್ಲ ನೀವು ಅವಳಿಗೆ ಹೇಳ್ಕೊಟ್ಟಿದ್ರಾ?"

"ಇಲ್ಲ."

"ಒಂದ್ಸಲಾನಾದ್ರೂ?"

"ಇಲ್ರಿ."

"ನೀವೇ ಹೇಳ್ಕೊಡದೇ ಇರೋ ಲೆಕ್ಕ ಅವಳಿಗೆ ಎಲ್ಲಿಂದ ಬಂತು?"

ಅವಳು ಕಳ್ಳಿ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ನಾನು ಅವಳಿಗೆ ಕಲಿಸಿಲ್ಲ ಎನ್ನುವುದು. ತಪ್ಪು ಮಾಡಿದವಳು ನಾನು, ಅದರ ಶಿಕ್ಷೆಗೆ ತಲೆ ಕೊಡಬೇಕಾದವಳು ಅವಳು. ಹೆಡ್ಮಾಸ್ತರರು ನಿಧಾನವಾಗಿ, ತುಂಬ ಮರ್ಯಾದೆಯಿಂದ ಹೇಳಿದರು: ಸೋಮವಾರ ಅವಳೊಬ್ಬಳಿಗೆ ಬೇರೆ ಪೇಪರ್ ಕೊಟ್ಟು ಮರುಪರೀಕ್ಷೆ ಮಾಡಿ. ಬರೆಯಲಿಲ್ಲ ಅಂದರೆ ಕಾಪಿ ಎಂದು ಬರೆದು ಫೇಲ್ ಮಾಡಿ. "ನಿಮ್ದು ಪ್ರೊಬೇಷನ್ ಮುಗಿಯೋ ವರ್ಷ. ನನಗೂ ನಿಮ್ಮ ಫೈಲ್ ನೀಟಾಗಿ ಕಳಿಸ್ಬೇಕು ಅಂತಾನೇ ಇದೆ."

ಮನೆಗೆ ಬಂದು ಗಂಡನ ಎದುರಿಗೆ ಕುದಿದೆ. ಅವರದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗ, ತಯಾರಾದ ಪಾರ್ಟುಗಳನ್ನು ಗೇಜ್ ಹಿಡಿದು ಅಳೆಯುವ ಕೆಲಸ. ಊಟದ ತಾಟಿನಿಂದ ತಲೆ ಎತ್ತದೆ, "ನಮ್ಮಲ್ಲಿ ಪಾರ್ಟ್ ಗೇಜಿಗೆ ಕೂಡಲಿಲ್ಲಂದ್ರ ಮೊದಲ ಗೇಜ್ ನೋಡ್ತೀವಿ. ನಿಮ್ಮ ಶಾಲ್ಯಾಗ ಸೀದಾ ಪಾರ್ಟ್ ಒಗೀತೀರಿ," ಎಂದರು. ಅವರ ಮೇಲೂ ರೇಗಿದೆ. ಆದರೆ ಮರುದಿನ ಭಾನುವಾರ ಅವಳ ಮನೆಗೆ ಹೋಗುವುದೆಂದು ನಿಶ್ಚಯಿಸಿದೆ. ನನ್ನ ಯೋಜನೆ ಏನೆಂದರೆ, ಅವಳಿಗೆ ಧೈರ್ಯ ಹೇಳಿ ಮರುಪರೀಕ್ಷೆಗೆ ಒಪ್ಪಿಸುವುದು. ಅವಳು ಸೋಮವಾರ ಬಂದು ಬರೆದು, ಹೆಡ್ಮಾಸ್ತರರ ಮುಖಕ್ಕೆ ಹೊಡೆದ ಹಾಗೆ ಪಾಸಾಗಬೇಕು. ಅವಳನ್ನು ನಾನು ಉಳಿಸುತ್ತೇನೆ! ಹಾಗಂದುಕೊಂಡೇ ಅವಳ ಪೇಪರನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಟೆ.

ಹಳೇ ಊರಿನ ಹಿಂಬದಿಯಲ್ಲಿ ಹೆಂಚಿನ ಮನೆ, ಪಕ್ಕದಲ್ಲಿ ಬಾವಿ, ಅದರಾಚೆ ಸೊಪ್ಪಿನ ಮಡಿಗಳು. ತಾಯಿ ಮಗಳಿಬ್ಬರೂ ಮನೆ ಮುಂದೆ ಒದ್ದೆ ಗೋಣಿ ಹಾಸಿಕೊಂಡು ದಂಟು, ಮೆಂತ್ಯ ಕಟ್ಟುತ್ತಿದ್ದರು. ತಾಯಿ ಎದ್ದು ಕೈ ಒರೆಸಿಕೊಂಡು ಮಣೆ ಹಾಕಿದಳು. ನಾನು ವಿಷಯ ಹೇಳಿದೆ. ಅರವತ್ತೊಂದು ಬಂದಿದೆ ಎಂದಾಗ ಹುಡುಗಿ ತಲೆ ಎತ್ತಿದಳು. ಹೆಡ್ಮಾಸ್ತರರಿಗೆ ಅನುಮಾನ, ಸೋಮವಾರ ಮತ್ತೆ ಬರೆಯಬೇಕು ಎಂದಾಗ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

"ನಾನ್ ಬರೆಯಲ್ಲ ಮಿಸ್."

"ಹೆದರಬ್ಯಾಡ. ನಾನೇ ಪೇಪರ್ ತೆಗೀತೀನಿ."

"ಎದ್ರಿಕೆ ಏನಿಲ್ಲ. ಒಂದ್ಸಲ ಬರ್ದಿದ್ದೀನಲ್ಲ. ಕಿಟಕಿ ಸಾಲ್ನೋರೂ ಬರೀತಾರಾ?"

"ಅವರ್ಯಾಕ ಬರೀಬೇಕು?"

"ಮತ್ತೆ ನಾನ್ಯಾಕೆ ಬರೀಬೇಕು?"

ನನಗೆ ಪಿತ್ತ ನೆತ್ತಿಗೇರಿತು. ರಜೆಯ ದಿನ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದೇನೆ, ನನ್ನ ಕೆಲಸ ಪಣಕ್ಕಿಟ್ಟು ಇವಳ ಪರ ನಿಂತಿದ್ದೇನೆ, ಈ ಮೋಟು ಹುಡುಗಿ ನನಗೇ ಎದುರು ಮಾತಾಡುತ್ತಾಳೆ. "ಬರೀಲಿಲ್ಲಂದ್ರ ಫೇಲ್ ಮಾಡ್ತಾರ, ತಿಳೀತಾ? ಮತ್ತೆ ಆರನೇತ್ತೇ!" ಎಂದು ಗದರಿದೆ.

ತಾಯಿ ನಡುವೆ ಬಂದಳು. "ಫೇಲ್ ಆದ್ರೆ ಬುಡಿ ಟೀಚರಮ್ಮ. ಒಂದೇ ಕ್ಲಾಸ್ನ ಎರಡೆರಡ್ ಸಲ ಓದ್ಸಕ್ಕೆ ನಮ್ ಕೈಲಾಗಲ್ಲ. ನನ್ ಜೊತೇಲೇ ಮಾರ್ಕೆಟ್ಗ್ ಬತ್ತಾಳೆ." ಅವಳ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅದು ಮೊದಲೇ ಆಗಿದ್ದ ತೀರ್ಮಾನ, ನಾನು ತಡವಾಗಿ ಕೇಳಿಸಿಕೊಂಡೆ ಅಷ್ಟೆ. ಹುಡುಗಿ ತಾಯಿಯ ಮುಖ ನೋಡಿದಳು. ಕಣ್ಣಲ್ಲಿ ನೀರು ಬಂತು. ಬಂದರೂ ಅವಳು ಹೇಳಿದ್ದು ಅದೇ ಮಾತು, "ನಾನ್ ಬರೆಯಲ್ಲ. ನಾನ್ ಕಾಪಿ ಒಡ್ದಿಲ್ಲ."

"ಹಂಗಾದ್ರ ನಾನು ಹೇಳಿಕೊಡಲಾರದ್ದು ನಿನಗ ಹೆಂಗ ಬಂತು?" ಹೆಡ್ಮಾಸ್ತರರ ಪ್ರಶ್ನೆ ನನ್ನ ಬಾಯಲ್ಲೇ ಬಂದುಬಿಟ್ಟಿತು.

ಅವಳು ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು. "ಬೋರ್ಡ್‌ನಲ್ಲಿ ಎಡಗಡೆ ಬರೀತಿದ್ರಲ್ಲ ಮಿಸ್. ನಂಗೂ ಕಾಣ್ತಿತ್ತಲ್ಲ."

ಹುಡುಗಿ ಕಟ್ಟು ಕಟ್ಟುತ್ತಲೇ ಇದ್ದಳು. ಕೊನೆಗೆ ಅವಳೇ, "ನನ್ ಪೇಪರ್ ತಂದಿದ್ದೀರಾ? ತೋರ್ಸಿ," ಎಂದಳು. ವಾರ್ಷಿಕ ಪರೀಕ್ಷೆಯ ಪೇಪರನ್ನು ಮಕ್ಕಳಿಗೆ ತೋರಿಸುವ ಪದ್ಧತಿ ಇರಲಿಲ್ಲ. ಆದರೂ ಕೊಟ್ಟೆ. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಒಂದೊಂದೇ ಹಾಳೆ ತಿರುಗಿಸಿದಳು. ನಾಲ್ಕನೇ ಹಾಳೆಯಲ್ಲಿ ನಿಂತಳು.

"ಇದುಕ್ಕೆ ಯಾಕೆ ಸೊನ್ನೆ?"

ಬಗ್ಗಿ ನೋಡಿದೆ. ಕಾಲ ಮತ್ತು ಕೆಲಸದ ಲೆಕ್ಕ, ಐದು ಅಂಕದ್ದು. ಹನ್ನೆರಡು ಜನ ಒಂದು ಗೋಡೆಯನ್ನು ಹತ್ತು ದಿನದಲ್ಲಿ ಕಟ್ಟುತ್ತಾರೆ. ನಾಲ್ಕು ದಿನ ಆದ ಮೇಲೆ ಮೂರು ಜನ ಬಿಟ್ಟು ಹೋದರೆ, ಉಳಿದ ಕೆಲಸಕ್ಕೆ ಇನ್ನೆಷ್ಟು ದಿನ ಬೇಕು? ನಾನು ಕಲಿಸಿದ ದಾರಿ ಒಂದೇ: ಉಳಿದದ್ದು ಹನ್ನೆರಡು ಜನದ ಆರು ದಿನದ ಕೆಲಸ, ಹನ್ನೆರಡಾರಲೆ ಎಪ್ಪತ್ತೆರಡು, ಅದನ್ನು ಒಂಬತ್ತರಿಂದ ಭಾಗಿಸಿದರೆ ಎಂಟು. ಅವಳ ಪೇಪರಿನಲ್ಲಿ ಮೊದಲ ಸಾಲೇ ಮೂರಾರಲೆ ಹದಿನೆಂಟು ಎಂದಿತ್ತು. ಎರಡನೇ ಸಾಲು, ಹದಿನೆಂಟನ್ನು ಒಂಬತ್ತರಿಂದ ಭಾಗಿಸಿದರೆ ಎರಡು. ಮೂರನೇ ಸಾಲು, ಆರು ಮತ್ತು ಎರಡು ಎಂಟು. ಉತ್ತರ ಎಂಟು ದಿನ. ಮೊದಲ ಸಾಲು ನೋಡಿದ್ದೇ ನಾನು ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದಿದ್ದೆ. ಕೆಳಗೆ ಸರಿ ಉತ್ತರ ಕಂಡು, ಎಲ್ಲಿಂದಲೋ ಬಂದು ಬಿದ್ದಿದೆ ಎಂದುಕೊಂಡು, ಪಕ್ಕದಲ್ಲಿ "ಹೇಗೆ?" ಎಂದು ಬರೆದು ಸೊನ್ನೆ ಸುತ್ತಿದ್ದೆ.

"ಇದು ಎಲ್ಲಿಂದ ಬಂತು, ಮೂರಾರಲೆ?" ಎಂದೆ.

"ಮೂರ್ ಜನ ಓದ್ರಲ್ಲ ಮಿಸ್. ಅವ್ರ ಆರ್ ದಿನದ ಕೆಲ್ಸ ಬಾಕಿ ಉಳೀತು, ಅದೇ ಅದ್ನೆಂಟು. ಉಳ್ದಿರೋ ಒಂಬತ್ ಜನಾನೇ ಅದ್ನ ಅಂಚ್ಕೋಬೇಕು. ತಲೆಗೆ ಎರಡೆರಡ್ ದಿನ ಬತ್ತದೆ. ಅವ್ರದೇ ಆರ್ ದಿನ, ಮ್ಯಾಲೆ ಎರಡ್ ದಿನ." ಗೋಣಿಯ ಮೇಲಿನ ಸೊಪ್ಪಿನ ಕಡೆ ಕೈ ಮಾಡಿದಳು. "ಕಟ್ಟಕ್ಕೆ ಪಕ್ಕದ್ಮನೆ ಅತ್ತೆ ಬರ್ನಿಲ್ಲ ಅಂದ್ರೆ ಎಲ್ಲಾರ್ದೂ ಮೊದ್ಲಿಂದ ಲೆಕ್ಕ ಆಕ್ತೀವಾ? ಅತ್ತೆ ಪಾಲಷ್ಟೇ ನಾವ್ ಅಂಚ್ಕತೀವಿ."

ಲೆಕ್ಕ ಸರಿ. ನನ್ನದಕ್ಕಿಂತ ಸಲೀಸು. ಹನ್ನೆರಡು ವರ್ಷ ಲೆಕ್ಕ ಓದಿ ಬಂದವಳು ನಾನು, ಆ ದಾರಿ ನನಗೆ ಹೊಳೆದಿರಲಿಲ್ಲ. ಮೊದಲು ಆ ಚೆಂದಕ್ಕೆ ಬೆರಗಾದೆ. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಇಡೀ ಕ್ಲಾಸಿನಲ್ಲಿ ಯಾರೂ ಈ ದಾರಿಯಲ್ಲಿ ಮಾಡಿರಲಿಲ್ಲ. ಅವಳು ಯಾರನ್ನೂ ನೋಡಿ ಬರೆದಿಲ್ಲ ಎನ್ನುವುದಕ್ಕೆ ಸಾಕ್ಷಿ ಇಪ್ಪತ್ತು ದಿನದಿಂದ ನನ್ನ ಮನೆಯಲ್ಲೇ ಇತ್ತು, ಅದೂ ನಾನೇ ಸೊನ್ನೆ ಸುತ್ತಿದ ಜಾಗದಲ್ಲಿ.

ಹುಡುಗಿ ಕೆಂಪು ಅಕ್ಷರದ ಮೇಲೆ ಬೆರಳಿಟ್ಟಳು. ಬೆರಳಿನ ಒದ್ದೆಗೆ ಇಂಕು ಸ್ವಲ್ಪ ಹರಡಿತು.

"ಎಂಗೆ ಅಂತ ಬರ್ದಿದ್ದೀರಲ್ಲ ಮಿಸ್. ಕೇಳ್ಲೇ ಇಲ್ವಲ್ಲ."

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಮೇಲಿನವರು ಎಷ್ಟೋ ಸಲ ಬೈದಿದ್ದಾರೆ, ನಾನೂ ತಿರುಗಿ ಬೈದಿದ್ದೇನೆ. ಈ ಮಾತಿಗೆ ಮಾತ್ರ ಪೇಪರ್ ಮಡಚಿ ಬ್ಯಾಗಿಗೆ ಹಾಕಿಕೊಂಡೆ. "ಸೋಮವಾರ ನೀ ಬರಬ್ಯಾಡ," ಎಂದಷ್ಟೇ ಹೇಳಿ ಎದ್ದೆ.

ಮನೆಗೆ ಬಂದವಳೇ ಪೇಪರಿನ ಕಟ್ಟು ಬಿಚ್ಚಿದೆ. ಮೊದಲು ತೆಗೆದದ್ದು ಅಧ್ಯಕ್ಷರ ಮೊಮ್ಮಗನದು. ಅದೇ ಗೋಡೆಯ ಲೆಕ್ಕ. ಮೊದಲ ಸಾಲು ಹನ್ನೆರಡಾರಲೆ ಎಪ್ಪತ್ತೆರಡು, ನಾನು ಕಲಿಸಿದ ಹಾಗೇ. ಎರಡನೇ ಸಾಲಿನಲ್ಲಿ ಎಪ್ಪತ್ತೆರಡನ್ನು ಒಂಬತ್ತರಿಂದ ಭಾಗಿಸಿ ಒಂಬತ್ತು ಎಂದು ಬರೆದಿದ್ದ. ಉತ್ತರ ಒಂಬತ್ತು ದಿನ. ಪಕ್ಕದಲ್ಲಿ ನನ್ನ ಕೆಂಪು ಟಿಕ್, ಐದಕ್ಕೆ ಐದು. ಕಿಟಕಿ ಸಾಲಿನವನು, ಮೊದಲ ಸಾಲು ಸರಿಯಿದೆ, ಮುಂದೆ ಓದುವ ಅಗತ್ಯವೇನು? ಅವಳದು ಬಾಗಿಲ ಸಾಲು, ಮೊದಲ ಸಾಲು ಬೇರೆಯಿದೆ, ಮುಂದೆ ಓದುವ ಅಗತ್ಯವೇನು? ತಪ್ಪು ಉತ್ತರಕ್ಕೆ ಐದು, ಸರಿ ಉತ್ತರಕ್ಕೆ ಸೊನ್ನೆ ಕೊಟ್ಟ ಲೆಕ್ಕದ ಟೀಚರ್ ನಾನು. ಮಕ್ಕಳನ್ನು ಅರ್ಥ ಮಾಡಿಕೊಂಡವಳು!

ಅವತ್ತು ಸಂಜೆಯವರೆಗೆ ನಲವತ್ತೆರಡು ಪೇಪರುಗಳನ್ನೂ, ಮೇಲಿನ ಹೆಸರಿನ ಭಾಗ ಮಡಚಿ, ಮತ್ತೆ ತಿದ್ದಿದೆ. ಒಂದೊಂದು ಸಾಲೂ ಓದಿದೆ.

ಸೋಮವಾರ ಹೆಡ್ಮಾಸ್ತರರ ಕೋಣೆಗೆ ಹೋದೆ. ಅವರು ಒಂದು ಬೆಂಚು, ಒಂದು ಮೇಜು ಹಾಕಿಸಿ ಮರುಪರೀಕ್ಷೆಗೆ ಜಾಗ ಸಿದ್ಧ ಮಾಡಿದ್ದರು.

"ಹುಡುಗಿ ಎಲ್ಲಿ?"

"ಬರಂಗಿಲ್ರಿ. ನಾನೇ ಬ್ಯಾಡ ಅಂದೀನಿ."

"ಸರಿ ಹಾಗಾದ್ರೆ. ಅರವತ್ತೊಂದು ಹೊಡೆದು ಹಾಕಿ."

"ಹೊಡೆದು ಹಾಕೀನಿ ಸರ್. ಅರವತ್ತಾರು ಬರದೀನಿ."

ಅವರು ಪೆನ್ನು ಕೆಳಗಿಟ್ಟರು. ನಾನು ಎರಡೂ ಪೇಪರುಗಳನ್ನು ಅವರ ಮುಂದೆ ಅಕ್ಕಪಕ್ಕ ಇಟ್ಟೆ, ಗೋಡೆಯ ಲೆಕ್ಕ ತೆಗೆದು. "ಇವಳು ಇವನನ್ನ ನೋಡಿ ಬರೆದಿದ್ರ ಒಂಬತ್ತು ಬರೀತಿದ್ಲು. ಇವಳದು ಎಂಟು. ಎಂಟು ಸರಿ." ಹೆಡ್ಮಾಸ್ತರರು ತಾವೇ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರು. ಎರಡು ಸಲ ಹಾಕಿದರು. ಆಮೇಲೆ ಅವಳ ಮೂರು ಸಾಲುಗಳನ್ನು ನಿಧಾನವಾಗಿ ಓದಿದರು. ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋದದ್ದನ್ನು ನಾನು ನೋಡಿದೆ. ಲೆಕ್ಕ ಬಲ್ಲ ಮನುಷ್ಯ, ಸುಳ್ಳು ಹೇಳಬಾರದು.

ನಂತರ ಅವರ ಕಣ್ಣು ಅಂಕಪಟ್ಟಿಯಲ್ಲಿ ಮೇಲಕ್ಕೆ ಹೋಯಿತು. "ಇದೇನು, ಇವನದು ಎಂಬತ್ತೇಳು ಮಾಡಿದ್ದೀರ?"

"ಅಷ್ಟೇ ಬರತೈತ್ರಿ. ಗೋಡೆ ಲೆಕ್ಕಕ್ಕ ಮೂರು ಕಳೆದೀನಿ, ಇನ್ನೂ ಒಂದು ಕಡೆ ಓದದೇ ಟಿಕ್ ಹಾಕಿದ್ದೆ, ಅಲ್ಲಿ ಎರಡು."

"ಅಧ್ಯಕ್ಷರು ಕೇಳಿದ್ರೆ ನಾನೇನ್ ಹೇಳ್ಲೀಮ್ಮ?"

"ಎಪ್ಪತ್ತೆರಡನ್ನ ಒಂಬತ್ತರಿಂದ ಭಾಗಿಸಿದ್ರ ಎಂಟು ಅಂತ ಹೇಳ್ರಿ ಸರ್."

ಅವರ ಮುಖ ಕೆಂಪಾಯಿತು. ಪಟ್ಟಿಗೆ ಸಹಿ ಹಾಕುವುದಿಲ್ಲ ಎಂದರು. ಹಾಕದಿದ್ದರೆ ಬೇಡ, ನನ್ನ ಸಹಿ ಇದೆ, ನೋಟಿಸ್ ಬೋರ್ಡಿಗೆ ಹಾಕುತ್ತೇನೆ ಎಂದೆ. ಪ್ರೊಬೇಷನ್ ನೆನಪು ಮಾಡಿದರು. ನೆನಪಿದೆ ಎಂದೆ. ವಿವರಣೆಯ ಹಾಳೆಯನ್ನು ನನ್ನ ಕಡೆ ತಳ್ಳಿದರು. ಅಲ್ಲೇ ನಿಂತುಕೊಂಡೇ ಬರೆದೆ: ಈ ವಿದ್ಯಾರ್ಥಿನಿಗೆ ಅರ್ಧ ಪಾಠವನ್ನು ನಾನು ಕಲಿಸಲಿಲ್ಲ. ಅವಳು ತಾನೇ ಕಲಿತಿದ್ದಾಳೆ. ಪಟ್ಟಿಯಲ್ಲಿ ತಪ್ಪಿರುವುದು ನಾನು. ಇನ್ನು ಮುಂದೆ ಪಾಠ ಕಲಿಸುವ ಮೊದಲು ಅಂಕ ಬರೆದುಕೊಡುವುದಿಲ್ಲ. ಸಹಿ ಹಾಕಿ ಹೊರಗೆ ಬಂದೆ.

ಎರಡು ದಿನ ಬಿಟ್ಟು ಪಟ್ಟಿ ಅವರ ಸಹಿಯೊಂದಿಗೇ ಬಂತು. ಹುಡುಗಿ ಅರವತ್ತಾರು ಅಂಕದಲ್ಲಿ ಏಳನೇ ಕ್ಲಾಸಿಗೆ ಹೋದಳು. ನನ್ನ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಬೋರ್ಡಿನ ನಡುವಿನ ಗೆರೆಯನ್ನು ನಾನು ಮತ್ತೆ ಯಾವತ್ತೂ ಎಳೆಯಲಿಲ್ಲ. ಅದರಿಂದ ಏಳನೇ ಕ್ಲಾಸಿನ ಫಲಿತಾಂಶ ಮುಳುಗಿಹೋಗುತ್ತದೆ ಎಂದು ಹೆದರಿಸಿದವರಿದ್ದರು. ಮುಳುಗಲಿಲ್ಲ. ಮುಳುಗಿದ್ದರೂ ನಾನು ಎಳೆಯುತ್ತಿರಲಿಲ್ಲ.

ಜನರಿಗೆ ನಾನು ಇಲ್ಲಿಯವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಇದರ ಮುಂದಿನದು ಇಷ್ಟು. ಆ ಭಾನುವಾರ ಬಾಗಿಲ ಸಾಲಿನ ಉಳಿದ ಹದಿಮೂರು ಪೇಪರುಗಳನ್ನು ಮತ್ತೆ ತಿದ್ದಿದಾಗ, ಮೂವತ್ತೊಂದು ಕೊಟ್ಟು ಫೇಲ್ ಮಾಡಿದ್ದ ಒಬ್ಬ ಹುಡುಗನಿಗೆ ಮೂವತ್ತೆಂಟು ಬಂತು. ಅವನನ್ನು ಪಾಸ್ ಮಾಡಿದೆ. ಹಾಗಾದರೆ ಹಿಂದಿನ ಎರಡು ವರ್ಷದವರು? ಒಂದೂ ಹೆಸರು ತಪ್ಪದ ಹಾಗೆ ಹೊಂದಿಕೆಯಾದ ಆ ಪಟ್ಟಿಯವರು? ಹಳೆಯ ಪೇಪರುಗಳ ಕಟ್ಟನ್ನು ಹುಡುಕಿಕೊಂಡು ಶಾಲೆಯ ಉಗ್ರಾಣಕ್ಕೆ ಹೋದೆ. ಜವಾನ ತಲೆ ಕೆರೆದುಕೊಂಡು, ಅವನ್ನೆಲ್ಲ ದಸರಾ ರಜೆಯಲ್ಲೇ ಹಳೇ ಪೇಪರಿನವನಿಗೆ ಹಾಕಿಯಾಯಿತು ಎಂದ. ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಆ ಎರಡು ವರ್ಷದಲ್ಲಿ ನಾನು ಲೆಕ್ಕದಲ್ಲಿ ಫೇಲ್ ಮಾಡಿದವರು ಒಂಬತ್ತು ಮಕ್ಕಳು. ಅವರಲ್ಲಿ ಆರು ಜನ ಮತ್ತೆ ಶಾಲೆಗೆ ಬಂದಿರಲಿಲ್ಲ. ಅವರ ಪೇಪರುಗಳಲ್ಲಿ ಎಷ್ಟು ಕಡೆ "ಹೇಗೆ?" ಎಂದು ಬರೆದಿದ್ದೆನೋ ನನಗೆ ನೆನಪಿಲ್ಲ.